ಇಳುವು, ಇಳುವೆ

ಗಾಡಿ ಕೊಳ್ಳುವ ಮೊದಲೇ ನಮ್ಮ ಮಾವ ಮನೆ ಕೊಂಡುಬಿಟ್ಟಿದ್ದ. ಮನೆ ಅಂದರೆ ಪಾಯ, ಗೋಡೆ ಇರುವಂಥದ್ದಲ್ಲ. ಎರಡು ಚಕ್ರದ ಮೇಲೆ ನಿಂತ ತಗಡಿನ ರೂಮು. ಹೆದ್ದಾರಿ ಕೆಲಸ ಮುಗಿಸಿ ಹೊರಟಿದ್ದ ಗುತ್ತಿಗೆದಾರನೊಬ್ಬ ತನ್ನ ಎಂಜಿನಿಯರುಗಳು ಮಲಗುತ್ತಿದ್ದ ಕ್ಯಾಬಿನ್ನನ್ನು ಗುಜರಿಗೆ ಹಾಕುತ್ತಿದ್ದ. ಮಾವ ಅಡ್ಡ ಬಿದ್ದು ತಗೊಂಡ. ಒಳಗೆ ಎರಡು ಮಂಚ, ಒಂದು ಫ್ಯಾನು, ಜಾಲರಿ ಹೊಡೆದ ಕಿಟಕಿ, ಯಾರೋ ಗೋಡೆಗೆ ಅಂಟಿಸಿ ಹೋದ ಕನ್ನಡಿ. ಸೂಳಗಿರಿಯಿಂದ ಒಳಕ್ಕಿರುವ ನಮ್ಮ ಹಳ್ಳಿಗೆ ಬಾಡಿಗೆ ಟ್ರ್ಯಾಕ್ಟರೊಂದು ಅದನ್ನು ಎಳೆದು ತಂದು, ಅಂಗಳದಲ್ಲಿ ಬಿಟ್ಟು, ಮೂತಿಯ ಕೆಳಗೊಂದು ಕಲ್ಲು ಕೊಟ್ಟು ಹೋಯಿತು.

ಅಮ್ಮ ಅದರ ಸುತ್ತ ಒಂದು ಸುತ್ತು ಬಂದು ತಮ್ಮನ ಮುಖ ನೋಡಿದಳು. "ಇದ್ಯಾವ ಬಸ್ಸಿನ ಮುಂಡ ತಂದಿದ್ದೀಯಲಾ? ತಲೆ ಎಲ್ಲೈತೆ?"

ತಲೆ ಹುಡುಕುವ ಕೆಲಸ ನನಗೂ ಮಾವನಿಗೂ ಬಿತ್ತು.

ಇದೆಲ್ಲ ಅಪ್ಪನಿಗಾಗಿ. ಅಪ್ಪ ಹರೆಯದಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳಲ್ಲಿ ದುಡಿದವನು. ಆ ಕಲ್ಲಿನ ಹಿಟ್ಟು ಎದೆಯೊಳಗೆ ಕೂತು, ಇಷ್ಟು ವರ್ಷ ಸುಮ್ಮನಿದ್ದು, ಈಗ ತನ್ನ ಕೆಲಸ ಶುರು ಮಾಡಿತ್ತು. ಕಲ್ಲು ಬಿಟ್ಟ ಮೇಲೆ ಅವನು ಹಿಡಿದದ್ದು ಮಾವಿನ ತೋಪು. ಹೂವು ಬಿಡುವ ಹೊತ್ತಿಗೆ ತೋಪನ್ನು ಗುತ್ತಿಗೆಗೆ ಹಿಡಿಯುವುದು, ಕಾಯಿ ಕಿತ್ತು ಮಾವಿನ ರಸದ ಕಾರ್ಖಾನೆಗೆ ಹಾಕುವವರೆಗೆ ಅಲ್ಲೇ ಸೋಗೆ ಗುಡಿಸಲಲ್ಲಿ ಮಲಗಿ ಕಾಯುವುದು. ಕೃಷ್ಣಗಿರಿಯ ಆಚೆ ಗುಡ್ಡದ ಬುಡದಲ್ಲಿ ಒಂದು ಹಳೇ ತೋಪಿದೆ. ವರ್ಷಾ ವರ್ಷ ಅಪ್ಪ ಹಿಡಿಯುತ್ತಿದ್ದದ್ದು ಅದನ್ನೇ. ಈಗ ಅವನಿಗೆ ನೆಲದ ಮೇಲೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ದಿನದ ಮುಕ್ಕಾಲು ಪಾಲು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಆಕ್ಸಿಜನ್ ಮಿಷನ್ನಿನ ಪಕ್ಕ ಕೂತಿರಬೇಕು. ಆ ಮಿಷನ್ನು ಗೊರಕೆ ಹೊಡೆಯುತ್ತಿತ್ತು. "ನಿಮ್ಮಪ್ಪನ ಎರಡನೇ ಹೆಂಡ್ತಿ," ಅನ್ನುತ್ತಿದ್ದಳು ಅಮ್ಮ. "ಬಂದಾಗಿಂದ ನಂಗೆ ನಿದ್ದೆ ಇಲ್ಲ."

ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ನಾನು ಮೂರು ಭಾಷೆಯಲ್ಲಿ ಕೇಳಿಸಿಕೊಂಡಿದ್ದೆ. ಮೂರರಲ್ಲೂ ಅದರ ಅರ್ಥ ಒಂದೇ ಇತ್ತು. ಇದು ವಾಸಿಯಾಗುವುದಲ್ಲ, ಇನ್ನೊಂದು ಮಾವಿನ ಸುಗ್ಗಿ ಕಂಡರೆ ದೊಡ್ಡದು. ಅಪ್ಪನಿಗೂ ಗೊತ್ತಿತ್ತು. ಅವನು ಕೇಳಿದ್ದು ಒಂದೇ: "ಹೂವು ಬಿಟ್ಟಾಗ ತೋಪಲ್ಲಿರ್ಬೇಕು. ಅಷ್ಟೆ."

"ತೋಪಿನ ಯಜಮಾನ್ರ ಮನೇಲಿ ಒಂದು ಮಂಚ ಹಾಕಿಸಿದ್ರೆ ಆಗಲ್ವಾ?" ಅಂದಿದ್ದೆ.

"ತೋಪು ಕಾಯೋನು ಮನೇಲಿ ಮಲಗ್ತಾನೇನ್ಲಾ?"

ಅದಕ್ಕೇ ಚಕ್ರದ ರೂಮು. ಮಂಚ ಇದೆ, ಬ್ಯಾಟರಿ ಇಟ್ಟರೆ ಮಿಷನ್ನು ನಡೆಯುತ್ತೆ, ಅಮ್ಮ ಜೊತೆಯಲ್ಲಿ ಮಲಗಬಹುದು. ಅದನ್ನು ಎಳೆಯಲು ಒಂದು ಹಳೇ ಪಿಕಪ್ಪು ಸಿಕ್ಕಿದರೆ ಆಯಿತು. ರಾತ್ರಿ ಉಸಿರು ಕಟ್ಟಿದರೆ ಅದರಲ್ಲೇ ಆಸ್ಪತ್ರೆಗೂ ಓಡಬಹುದು. ಮಾವನ ಲೆಕ್ಕಾಚಾರ ಇದು. ಕೇಳಲು ಚೆನ್ನಾಗಿತ್ತು. ಕೇಳಲು ಚೆನ್ನಾಗಿರುವುದರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ನಾನು ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವನು. ತಮಿಳಿನಲ್ಲಿ ಗೆದ್ದು, ಇಂಗ್ಲಿಷಿನಲ್ಲಿ ಗೆದ್ದು, ಮನೆಗೆ ಬಂದು ಕನ್ನಡದಲ್ಲಿ ಅಮ್ಮನ ಎದುರು ಸೋಲುವುದು ರೂಢಿ. ಅಲ್ಲಿ ಕಲಿತ ಮೊದಲನೇ ಪಾಠವೆಂದರೆ, ವಾದ ಶುರುವಾಗುವ ಮುಂಚೆ ಪದಗಳಿಗೆ ಅರ್ಥ ಗೊತ್ತುಮಾಡಿಕೊಳ್ಳಬೇಕು. ಹಾಗಾಗಿ ಮಾವ "ಅರ್ಧ ಟನ್ ಗಾಡಿ ಸಾಕು ಕಣ್ಲಾ" ಅಂದಾಗ ನಾನು ಅಲ್ಲೇ ಹಿಡಿದೆ.

"ಅರ್ಧ ಟನ್ನು ಅಂದ್ರೆ ಬೆನ್ನ ಮೇಲೆ ಹೊರೋದು, ಮಾವ. ಬಾಲಕ್ಕೆ ಕಟ್ಕೊಂಡು ಎಳೆಯೋದಲ್ಲ."

"ಹೊರೋನು ಎಳೆಯಲ್ವಾ?"

"ಎಳೀತಾನೆ. ಆದ್ರೆ ಆ ರೂಮಿನ ಮೂತಿ ಬೆನ್ನ ಮೇಲೆ ಒತ್ತುತ್ತೆ, ಅದೂ ಭಾರಾನೇ. ಅಪ್ಪ, ಅಮ್ಮ, ಮಿಷನ್ನು, ಬ್ಯಾಟರಿ, ಅಕ್ಕಿ ರಾಗಿ ಎಲ್ಲ ಆಗ್ಲೇ ಬೆನ್ನ ಮೇಲಿರ್ತವೆ. ಒಂದೂವರೆ ಟನ್ನಿಂದು ನೋಡಾಣ."

"ಅದು ತೋಪೊಳಕ್ಕೆ ಹೋಗ್ಬೇಕಲ್ಲ! ಕೊಂಬೆ ಎಷ್ಟು ಕೆಳಗವೆ ಗೊತ್ತಾ? ದಾರಿ ಎಷ್ಟಗಲ ಐತೆ ಗೊತ್ತಾ?"

ಇದು ಸರಿಯಾದ ಮಾತು. ಆ ತೋಪಿನ ಮಣ್ಣುದಾರಿ ನನಗೂ ಗೊತ್ತಿತ್ತು. ದೊಡ್ಡ ಗಾಡಿ ಅಲ್ಲಿ ತಿರುಗುವುದಿಲ್ಲ, ಲಾರಿಯ ಮಾತು ದೂರವೇ ಉಳಿಯಿತು. ಬಾಡಿಗೆ ಟ್ರ್ಯಾಕ್ಟರಿನವನನ್ನು ಕೇಳಿದೆವು. ಮೇಲುಮಲೆ ಇಳುವಲ್ಲಿ ಅದನ್ನು ಕಟ್ಟಿಕೊಂಡು ಇಳಿಯುವುದಿಲ್ಲ ಎಂದು ಅವನು ಎರಡೇ ಮಾತಲ್ಲಿ ಮುಗಿಸಿದ. ಸೂಳಗಿರಿಯಿಂದ ಕೃಷ್ಣಗಿರಿಗೆ ಹೋಗುವಾಗ ಹೆದ್ದಾರಿ ಒಂದೇ ಸಮನೆ ಕೆಳಗೆ ಬೀಳುವ ಜಾಗ ಅದು; ನಮ್ಮ ಕಡೆ ಇಳಿಜಾರಿಗೆ ಇಳುವು ಅಂತೀವಿ. ಅಲ್ಲಿ ಲಾರಿ ಮಗುಚಿದ್ದನ್ನು ನೋಡದವರು ನಮ್ಮೂರಲ್ಲಿ ಇಲ್ಲ.

ಸರಿ, ಅರ್ಧ ಟನ್ನಿನ ಗಾಡಿಗಳನ್ನೇ ನೋಡಲು ಹೊರಟೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಮಾವನ ಬೈಕಿನ ಹಿಂದೆ ಕೂತು, ನಾನು ಕೆಲಸಕ್ಕಿದ್ದ ಮೂಕಂಡಪಲ್ಲಿಯ ಕಾರ್ಖಾನೆಯ ಆಫೀಸಿಗೆ ಹೋಗುವ ಮುಂಚೆ ಒಂದು ಗಾಡಿ, ಬಂದ ಮೇಲೆ ಒಂದು ಗಾಡಿ.

ಮತ್ತಿಗಿರಿಯಲ್ಲಿ ಹಳೇ ಗಾಡಿ ಮಾರಿಸುವ ಕನ್ಸಲ್ಟಿಂಗಿನವನೊಬ್ಬನಿದ್ದ. ಮಾವನ ಹತ್ತಿರ ಕನ್ನಡ, ಫೋನಿನಲ್ಲಿ ತೆಲುಗು, ಪ್ಯಾಂಟು ಹಾಕಿದ ನನ್ನ ಹತ್ತಿರ ತಮಿಳು. ಅವನು ತೋರಿಸಿದ್ದು ಶಾಲೆಗಳಿಗೆ ನೀರಿನ ಕ್ಯಾನು ಹಾಕುತ್ತಿದ್ದ ಗಾಡಿ. ಅಡಿಯಲ್ಲಿ ತೂರಿ ನೋಡಿದೆ, ಚಾಸಿಗೆ ತುಕ್ಕು ಹತ್ತಿರಲಿಲ್ಲ. ಬ್ರೇಕು ಒತ್ತಿದರೆ ನಿಂತಲ್ಲೇ ನಾಟಿಕೊಳ್ಳುತ್ತಿತ್ತು. ಆದರೆ ಎಂಜಿನ್ನಿಗೆ ವಯಸ್ಸಾಗಿತ್ತು. ಹೊಸೂರಿನ ಮೇಲ್ಸೇತುವೆ ಹತ್ತಿಸುವಾಗ ಅದು ನಿಟ್ಟುಸಿರು ಬಿಟ್ಟು ಎರಡನೇ ಗೇರಿಗೆ ಇಳಿಯಿತು. ಹಿಂದೆ ಏನೂ ಕಟ್ಟಿರಲಿಲ್ಲ, ಒಳಗೆ ನಾವು ಮೂವರೇ.

"ಮದ್ವೆ ಗಂಡಿನಂಗೆ ನಡೀತೈತೆ," ಅಂದ ಮಾವ. "ಇದು ರೂಮು ಎಳೆದು ತೋಪು ಸೇರೋದ್ರೊಳಗೆ ಮಾವಿನಹಣ್ಣು ಮುಗ್ದೋಗಿರ್ತವೆ."

"ನಿಲ್ಲುತ್ತಲ್ಲ, ಮಾವ."

"ನಿಲ್ಲೋಕೆ ಗಾಡಿ ಯಾಕ್ಲಾ? ಅಂಗಳದಾಗೆ ರೂಮು ಚೆನ್ನಾಗೇ ನಿಂತೈತೆ."

ಇನ್ನೊಂದು ಗಾಡಿಯ ನಂಬರು ಕೂಡಿದರೆ ಎಂಟು ಬಂತು. ಎಂಟು ಶನಿಯದ್ದು ಅಂತ ಮಾವ ಎಂಜಿನ್ನು ಶುರು ಮಾಡಲೂ ಬಿಡಲಿಲ್ಲ. ಎಂಟು ಬಂದ ಗಾಡಿಗಳೆಲ್ಲ ಈ ಜಿಲ್ಲೆಯಲ್ಲಿ ಯಾರ ಮನೆಯ ಮುಂದೆ ನಿಂತಿವೆ, ಅವರೆಲ್ಲ ಬದುಕಿಲ್ಲವೇ ಅಂತ ನಾನು ರಸ್ತೆಯುದ್ದಕ್ಕೂ ಬೈಕಿನ ಹಿಂದಿನಿಂದ ವಾದ ಮಾಡಿದೆ. ಮಾವ ಹೆಲ್ಮೆಟ್ಟು ಹಾಕಿಕೊಂಡ. ಅವನು ಹೆಲ್ಮೆಟ್ಟು ಹಾಕುವುದೇ ಪೊಲೀಸರಿಗೆ ಮತ್ತು ನನಗೆ.

ಆಮೇಲೆ ಸೂಳಗಿರಿಯ ತರಕಾರಿ ವ್ಯಾಪಾರಿಯ ಗಾಡಿ ಸಿಕ್ಕಿತು. ತಮಿಳು ಮನುಷ್ಯ. ಟೊಮೆಟೊ, ಎಲೆಕೋಸು ಹೇರಿ ಹೇರಿ ಗಾಡಿಯ ಬೆನ್ನು ಸವೆದಿತ್ತು, ಆದರೆ ಎಂಜಿನ್ನು ಗಟ್ಟಿ. ಆಯಿಲ್ಲಿನ ಮುಚ್ಚಳ ತೆಗೆದರೆ ಹೊಗೆಯಿಲ್ಲ, ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು, ನಂಬರು ಕೂಡಿದರೆ ಐದು. ಮಾವನ ಮುಖ ಅರಳಿತು. ನಾನು ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿರುವಾಗ ನನ್ನ ತಲೆಯ ಮೇಲೆ ಅವರಿಬ್ಬರ ಮಾತು ನಡೆಯಿತು.

"ಅಣ್ಣೋ, ಇಳುವು ಹೆಂಗೈತೆ?" ಮಾವ ಕೇಳಿದ. ಇಳಿಜಾರಿನಲ್ಲಿ ಗಾಡಿ ಹೇಗೆ ಅಂತ ಅವನ ಪ್ರಶ್ನೆ.

"ಇಳುವೆಯಾ? ಇಳುವೆ ಸೂಪರಾ ಇರುಕ್ಕುಂಗ!" ವ್ಯಾಪಾರಿ ಬಾನೆಟ್ಟು ತಟ್ಟಿ ಹೇಳಿದ.

ಮಾವ ತಲೆಯಾಡಿಸಿದ. ವ್ಯಾಪಾರಿಯೂ ತಲೆಯಾಡಿಸಿದ. ಕೈ ಕುಲುಕುವುದೊಂದೇ ಬಾಕಿ. ನಾನು ಎದ್ದು ನಿಂತೆ.

"ಮಾವ, ಅವ್ರು ಹೇಳಿದ್ದು ಎಳೆಯೋ ಶಕ್ತಿ. ತಮಿಳಲ್ಲಿ ಇಳುವೆ ಅಂದ್ರೆ ಎಳೆತ. ನೀನು ಕೇಳಿದ್ದು ಇಳಿಯೋದು. ನಿನ್ನ ಪ್ರಶ್ನೆಗೆ ಉತ್ತರಾನೇ ಬಂದಿಲ್ಲ."

"ನಂಗೆ ತಮಿಳು ಗೊತ್ತಿಲ್ವೇನ್ಲಾ? ಹುಟ್ಟಿದಾಗಿಂದ ಇಲ್ಲೇ ಇವ್ನಿ."

"ಗೊತ್ತಿರೋದಕ್ಕೇ ಹಿಂಗಾಗಿದ್ದು. ಗೊತ್ತಿಲ್ದೆ ಇದ್ದಿದ್ರೆ ಇನ್ನೊಂದು ಸಲ ಕೇಳ್ತಿದ್ದೆ."

ಹೊಸೂರು ಸೀಮೆಯಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಮೂರು ಭಾಷೆಯೂ ಬರುತ್ತದೆ ಅನ್ನುವ ಧೈರ್ಯದಲ್ಲಿ ಯಾರೂ ಯಾರನ್ನೂ ಎರಡನೇ ಸಲ ಕೇಳುವುದಿಲ್ಲ. ಬೇರೆ ಊರಿನವನು ಅರ್ಥವಾಗದೆ ನಿಲ್ಲುವ ಕಡೆ ನಾವು ಅರ್ಥವಾಯಿತೆಂದು ನಡೆದುಬಿಡುತ್ತೇವೆ. ಮಾವ ಕೆಂಪಗಾಗಿ, "ನಿನ್ ಡಿಬೇಟು ಕಾಲೇಜಲ್ಲಿಟ್ಕೊ" ಅಂದ. ಆದರೂ ನಾನು ಬಿಡಲಿಲ್ಲ. ಗಾಡಿಯನ್ನು ನಮ್ಮೂರಿಗೆ ತಂದು, ರೂಮನ್ನು ಕಟ್ಟಿ, ಒಂದು ಇಳುವಲ್ಲಿ ಇಳಿಸಿ ತೋರಿಸಿದರೆ ಮಾತ್ರ ಮುಂದಿನ ಮಾತು ಅಂದೆ. ವ್ಯಾಪಾರಿ ಒಪ್ಪಿದ. ತನ್ನ ಗಾಡಿಯ ಮೇಲೆ ಅವನಿಗೆ ನಂಬಿಕೆ ಇತ್ತು, ಅದು ಮೋಸದ ನಂಬಿಕೆಯಲ್ಲ.

ಆ ಭಾನುವಾರ ವೆಲ್ಡಿಂಗಿನವನಿಂದ ಗಾಡಿಯ ಹಿಂದೆ ಕೊಂಡಿ ಹಾಕಿಸಿ ರೂಮು ಕಟ್ಟಿದೆವು. ಅಪ್ಪ ಬಾಗಿಲಿಗೆ ಬಂದ. ಮೂಗಿನ ಕೊಳವೆ ತೆಗೆದು ಅಮ್ಮನ ಕೈಗೆ ಕೊಟ್ಟು, "ನಾನೂ ಬತ್ತೀನಿ" ಅಂದ.

"ಎಲ್ಗೆ? ಕೆರೆ ಏರಿ ತನಕ ಹೋಗಿ ಬರೋದು, ಸುಮ್ಕಿರು," ಅಂದಳು ಅಮ್ಮ.

"ಮನೆ ಹೊರಟೈತೆ, ಯಜಮಾನ ಇಲ್ಲಿದ್ರೆ ಹೆಂಗೆ?"

ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ವ್ಯಾಪಾರಿಯೇ ಓಡಿಸಿದ. ನಾನು ಹಿಂದಿನ ತೊಟ್ಟಿಯಲ್ಲಿ, ಮಾವ ಬೈಕಿನಲ್ಲಿ ಹಿಂದೆ. ಏರಿಗೆ ಹತ್ತುವ ದಾರಿಯಲ್ಲಿ ಗಾಡಿ ರೂಮನ್ನು ಆಟದ ಸಾಮಾನಿನ ಹಾಗೆ ಎಳೆಯಿತು. ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ತಗಡನ್ನು ಬಡಿದ, ಎತ್ತಿನ ಬೆನ್ನು ಚಪ್ಪರಿಸುವ ಹಾಗೆ. ಅವನು ನಗುತ್ತಿದ್ದದ್ದು ಪಕ್ಕದ ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು.

ಏರಿಯಿಂದ ಆಚೆಗೆ ಇಳುವು. ದೊಡ್ಡದೇನಲ್ಲ, ಹುಡುಗರು ಸೈಕಲ್ ತುಳಿಯದೆ ಇಳಿಯುವಂಥದ್ದು. ಅರ್ಧ ಇಳಿಯುವ ಹೊತ್ತಿಗೆ ರೂಮು ಗಾಡಿಯನ್ನು ನೂಕಲು ಶುರು ಮಾಡಿತು. ತೊಟ್ಟಿಯಲ್ಲಿ ನಿಂತಿದ್ದ ನನ್ನ ಎದೆಯ ಹತ್ತಿರಕ್ಕೇ ಆ ತಗಡಿನ ಗೋಡೆ ಬಂದಂತಾಯಿತು. ವ್ಯಾಪಾರಿ ಬ್ರೇಕು ಒತ್ತಿದ. ಗಾಡಿಯ ಬಾಲ ಎಡಕ್ಕೆ ಜಾರಿತು, ರೂಮು ಬಲಕ್ಕೆ. ಎದುರಿಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ. ಅವಳು ಹೊರೆ ಎಸೆದು ಕಾಲುವೆಗೆ ಹಾರಿದಳು. ಆ ವಯಸ್ಸಿನವರು ಹಾಗೆ ಹಾರುವುದನ್ನು ನಾನು ಆಮೇಲೆ ನೋಡಿಲ್ಲ. ವ್ಯಾಪಾರಿ ಸ್ಟೇರಿಂಗು ತಿರುಗಿಸಿ ಕಣದಲ್ಲಿದ್ದ ರಾಗಿ ಹುಲ್ಲಿನ ಮೆದೆಗೆ ನುಗ್ಗಿಸಿದ. ಗಾಡಿ ನಿಂತಿತು. ರೂಮಿನೊಳಗೆ ಕನ್ನಡಿ ಒಡೆದ ಸದ್ದು ಕೇಳಿತು.

ಮೊದಲು ಮಾತಾಡಿದವಳು ಕಾಲುವೆಯೊಳಗಿನ ಮುದುಕಿ. "ನಿಮ್ ಮನೆ ಹಾಳಾಗ! ಮನೇನೇ ಬಾಲಕ್ಕೆ ಕಟ್ಕೊಂಡು ಮೇಲೆ ಬತ್ತೀರಲ್ರೋ!"

ವ್ಯಾಪಾರಿ ಕೆಳಗಿಳಿದು ಹಣೆ ಒರೆಸಿಕೊಂಡ. ನಾನು ಬಾಯಿ ತೆರೆಯುವ ಮುಂಚೆಯೇ, "ಇಳುವೆ ನಲ್ಲಾ ಇರುಕ್ಕುನ್ನು ತಾನೇ ಸೊನ್ನೇನ್," ಅಂದ. ಎಳೆತ ಚೆನ್ನಾಗಿದೆ ಅಂತ ಮಾತ್ರ ತಾನೇ ನಾನು ಹೇಳಿದ್ದು. ಅದು ನಿಜ. ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಅಪ್ಪ ಸೀಟಿನಿಂದ ಇಳಿದಿರಲಿಲ್ಲ. ಎರಡೂ ಕೈ ಡ್ಯಾಶ್‌ಬೋರ್ಡಿಗೆ ಊರಿ, ಬಾಯಿ ತೆರೆದು, ಉಸಿರಿಗಾಗಿ ಕಾಯುತ್ತಿದ್ದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮಾವ ಬೈಕಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು, ನಾನು ಹಿಂದಿನಿಂದ ತಬ್ಬಿ ಹಿಡಿದು, ಮನೆಗೆ ಬಂದೆವು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ನಡುಮನೆಯಲ್ಲಿ ನಡೆದದ್ದು ನಾನು ಮಾಡಿದ ಚರ್ಚೆಗಳಲ್ಲೆಲ್ಲ ಚಿಕ್ಕದು. ಅಪ್ಪ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಒಂದೊಂದು ವಾಕ್ಯಕ್ಕೂ ಅವನು ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಬ್ರೇಕು ಹೊಸ್ದಾಗಿ ಕಟ್ಸು. ಅದೇ ಗಾಡಿ ಇರ್ಲಿ. ಮೆಲ್ಲಗೆ ಹೋಗಾಣ."

"ಗಾಡಿಗೆ ಬ್ರೇಕು ಕಟ್ಟಿಸಬೋದು. ರೂಮಿಗೆ ಬ್ರೇಕೇ ಇಲ್ವಲ್ಲಪ್ಪ. ಗಾಡಿಗಿಂತ ಅದೇ ತೂಕ ಜಾಸ್ತಿ. ಮೇಲುಮಲೇಲಿ ಅದು ನೂಕಿದ್ರೆ ಯಾವ ಅರ್ಧ ಟನ್ನಿಂದೂ ನಿಲ್ಲಲ್ಲ."

"ನಿಲ್ದೆ ಇದ್ರೆ?"

"ನಿಲ್ದೆ ಇದ್ರೆ ಏನಾಗುತ್ತೆ ಅಂತ ನಿನ್ನೆ ನೋಡ್ಲಿಲ್ವಾ?"

"ಸಾಯ್ತೀನಿ." ಉಸಿರು. "ಡಾಕ್ಟ್ರೇನು ಬದುಕ್ತೀನಿ ಅಂದವ್ರಾ?"

ಮಾವ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಅಮ್ಮ ಒಲೆಯ ಹತ್ತಿರ ಮುದ್ದೆಯ ಕೋಲು ನಿಲ್ಲಿಸಿದಳು. ಅಪ್ಪನ ವಾದ ಬಲವಾಗಿತ್ತು. ಸಾಯುವವನಿಗೆ ಅಪಾಯದ ಲೆಕ್ಕ ಹೇಳುವುದು ಎಂಥ ತರ್ಕ? ಅವನ ಜಾಗದಲ್ಲಿ ನಿಂತು ವಾದಿಸು ಎಂದಿದ್ದರೆ ನಾನೂ ಅದನ್ನೇ ಎತ್ತುತ್ತಿದ್ದೆ. ಅದಕ್ಕಿರುವ ಒಂದೇ ಒಂದು ಉತ್ತರವೂ ನನಗೆ ಗೊತ್ತಿತ್ತು.

"ಸಾವು ನಿಂದಪ್ಪ. ರಸ್ತೆ ನಿಂದಲ್ಲ. ಕಾಲುವೆಗೆ ಹಾರಿದ ಆ ಅಜ್ಜಿ ಏನು ಮಾಡಿತ್ತು? ಮೇಲುಮಲೇಲಿ ಹಾರೋಕೆ ಕಾಲುವೇನೂ ಇಲ್ಲ. ಎಷ್ಟು ಬೈಕು, ಎಷ್ಟು ಬಸ್ಸು. ಅಮ್ಮನೂ ನಿನ್ನ ಪಕ್ಕದಲ್ಲೇ ಇರ್ತಾಳೆ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕೊಳವೆ ಎತ್ತಿ ಮೂಗಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. ಮಿಷನ್ನು ಗೊರಕೆ ಹೊಡೆಯುತ್ತಿತ್ತು. ಸ್ಪರ್ಧೆಗಳಲ್ಲಿ ಎದುರಾಳಿ ಹೀಗೆ ಸುಮ್ಮನಾದರೆ ಚಪ್ಪಾಳೆ ಬೀಳುತ್ತದೆ. ನಾನು ಹೇಳಿದ್ದು ಸರಿ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅಮ್ಮ ಒಲೆಯ ಹತ್ತಿರದಿಂದ, "ಆಯ್ತಲ್ಲ, ಗೆದ್ದೆಯಲ್ಲ. ಬಾ, ಮುದ್ದೆ ತಿನ್ನು," ಅಂದಳು.

ಕೊಂಡದ್ದು ಮತ್ತಿಗಿರಿಯ ಗಾಡಿಯನ್ನು. ಏರು ಕಂಡರೆ ಏದುಸಿರು ಬಿಡುತ್ತದೆ, ಆದರೆ ನಿಲ್ಲುತ್ತದೆ. ರೂಮು ಕಟ್ಟಿದರೆ ಸಪಾಟು ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಎಳೆಯುತ್ತದೆ. ಹಾಗಾಗಿ ತೋಪಿಗೆ ತಕ್ಕ ಗಾಡಿ ಹುಡುಕಲು ಹೊರಟವರು ಕೊನೆಗೆ ಗಾಡಿಗೆ ತಕ್ಕ ತೋಪು ಹುಡುಕಿದೆವು. ಸೂಳಗಿರಿಯ ಈಚೆ, ಹೆದ್ದಾರಿಯ ಪಕ್ಕದ ರಸ್ತೆಗೆ ಅಂಟಿಕೊಂಡಂತೆ ಒಂದು ಸಣ್ಣ ತೋಪು ಸಿಕ್ಕಿತು. ಅದನ್ನು ಯಾರೂ ಹಿಡಿಯುತ್ತಿರಲಿಲ್ಲ. ಯಜಮಾನ ಖುಷಿಯಿಂದ ಕೊಟ್ಟ. ಸಂಕ್ರಾಂತಿ ಕಳೆದ ಮೇಲೆ ರೂಮನ್ನು ಅಲ್ಲಿಗೆ ಒಯ್ದು ನಿಲ್ಲಿಸಿದೆವು. ಅಪ್ಪ ಮಂಚದ ಮೇಲೆ ಕೂತು ಜಾಲರಿಯಿಂದ ಹೊರಗೆ ನೋಡಿದ. ಲಾರಿಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಒಂದೊಂದು ಹೋದಾಗಲೂ ರೂಮು ನಡುಗುತ್ತಿತ್ತು. ಹೂವೇನೋ ಬಿಟ್ಟಿತ್ತು, ಆದರೆ ಹೆದ್ದಾರಿಯ ಡೀಸೆಲ್ ವಾಸನೆಯಲ್ಲಿ ಅದರ ವಾಸನೆ ಯಾರಿಗೆ ಬರಬೇಕು?

"ಇದು ತೋಪಲ್ಲ, ಬಸ್ ಸ್ಟಾಂಡು," ಅಂದ. ಅಷ್ಟೇ ಅಂದದ್ದು. ದೂರಲಿಲ್ಲ. ಕೆಲವು ದಿನ ಇದ್ದು, ಕೆಮ್ಮು ಜಾಸ್ತಿಯಾದ ಮೇಲೆ ಮನೆಗೆ ಕರೆದುಕೊಂಡು ಹೋಗಿ ಅಂತ ಅಮ್ಮನ ಕೈಲಿ ಹೇಳಿಸಿದ. ಕಾಯಿ ಗೋಲಿಯಷ್ಟಾಗುವ ಮುಂಚೆಯೇ ಅಪ್ಪ ಹೋದ.

ಅದಕ್ಕೆ ಮುಂಚೆ ಒಂದು ಮಧ್ಯಾಹ್ನ, ಅವನು ಮನೆಗೆ ಬಂದ ವಾರದಲ್ಲೇ, ಆ ಗಾಡಿಯಲ್ಲಿ ಅವನನ್ನು ಮೇಲುಮಲೆ ಇಳಿಸಿಕೊಂಡು ಹೋದೆ. ಹಿಂದೆ ರೂಮು ಇಲ್ಲ. ತೊಟ್ಟಿಯಲ್ಲಿ ಬ್ಯಾಟರಿ, ಮಿಷನ್ನು. ಕೊಳವೆಯನ್ನು ಹಿಂದಿನ ಕಿಟಕಿಯಿಂದ ಒಳಕ್ಕೆ ತಂದಿದ್ದೆ. ಅವನು ಕೇಳಿರಲಿಲ್ಲ. ನಾನೂ ಎಲ್ಲಿಗೆ ಅಂತ ಹೇಳಿರಲಿಲ್ಲ. ಇಳುವಲ್ಲಿ ಒತ್ತಿದಾಗಲೆಲ್ಲ ಬ್ರೇಕು ಹಿಡಿಯಿತು. ಕೃಷ್ಣಗಿರಿ ದಾಟಿ ಮಣ್ಣುದಾರಿಗೆ ತಿರುಗಿದಾಗ ಅಪ್ಪ ನೆಟ್ಟಗೆ ಕೂತ.

ತೋಪು ತುಂಬಾ ಹೂವು. ಜೇನುಹುಳಗಳ ಸದ್ದು ಎಂಜಿನ್ನು ನಿಲ್ಲಿಸಿದ ಮೇಲೂ ಎಂಜಿನ್ನಿನ ಹಾಗೇ ಕೇಳಿಸುತ್ತಿತ್ತು. ಅಪ್ಪ ಇಳಿಯಲಿಲ್ಲ, ಕೊಳವೆ ಅಷ್ಟುದ್ದ ಇರಲಿಲ್ಲ. ಗಾಜು ಇಳಿಸಿ ತಲೆ ಹೊರಗೆ ಹಾಕಿ, ಮೊದಲ ಸಾಲಿನ ಮರಗಳನ್ನು ಬುಡದಿಂದ ತುದಿಯವರೆಗೆ ನೋಡಿದ. ಒಂದು ಗೊಂಚಲನ್ನು ಬೆರಳಲ್ಲಿ ಸರಿಸಿ, ಒಳಗೆ ಹುಳು ಹತ್ತಿದೆಯೋ ಎಂದು ನೋಡಿ, "ಔಷಧಿ ಹೊಡೆದಿಲ್ಲ," ಅಂದ. ನನಗಲ್ಲ, ಮರಕ್ಕೆ.

ಸೋಗೆ ಗುಡಿಸಲಿಂದ ಒಬ್ಬ ಆಳು ಎದ್ದು ಬಂದ. ಈ ವರ್ಷ ತೋಪು ಹಿಡಿದವರ ಕಡೆಯವನು, ಹೊಸಬ. ಕೈಯಲ್ಲಿ ಕೋಲಿತ್ತು. ಗಾಡಿಯನ್ನೂ ತೊಟ್ಟಿಯಲ್ಲಿ ಗೊರಕೆ ಹೊಡೆಯುವ ಪೆಟ್ಟಿಗೆಯನ್ನೂ ಅನುಮಾನದಿಂದ ನೋಡಿ, "ಯಾರು ಬೇಕಾಗಿತ್ತು?" ಅಂದ.

ನಾನು ಬಾಯಿ ತೆರೆದೆ. ಹೇಳಲು ಬೇಕಾದಷ್ಟಿತ್ತು. ಅಪ್ಪ ನನ್ನ ತೊಡೆಯ ಮೇಲೆ ಕೈಯಿಟ್ಟು ತಡೆದ.

"ಯಾರೂ ಇಲ್ಲಪ್ಪ," ಅಂದ. "ದಾರಿ ತಪ್ಪಿ ಬಂದ್ಬುಟ್ವಿ."

"ಮುಂದೆ ದಾರಿ ಇಲ್ಲ. ಇಲ್ಲೇ ತಿರುಗಿಸ್ಕೊಳ್ಳಿ," ಅಂತ ಆಳು ಕೋಲಿನಿಂದ ಜಾಗ ತೋರಿಸಿದ. ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸಿದೆ. ಚಿಕ್ಕ ಗಾಡಿ, ಸುಲಭವಾಗಿ ತಿರುಗಿತು. ಕೊಂಬೆಯೊಂದು ಮೇಲ್ಛಾವಣಿಯನ್ನು ತುದಿಯಿಂದ ತುದಿಯವರೆಗೆ ಗೀರಿಕೊಂಡು ಹೋಯಿತು, ಮುಂದಿನ ಗಾಜಿನ ಮೇಲೆ ಹೂವು ಉದುರಿತು. ವೈಪರ್ ಹಾಕಲು ಹೋದೆ.

"ಇರ್ಲಿ ಬಿಡು," ಅಂದ ಅಪ್ಪ. "ಕಾಣುತ್ತಲ್ಲ ರಸ್ತೆ. ನಡಿ."